ಬಣ್ಣ ಒಂದು ಕಡೆ, ಹಣ ಒಂದು ಕಡೆ: ಎರಡು ಕುಟುಂಬಗಳ ಪ್ರೇಮಕಾದಂಬರಿ ಬರೆಯುವ ಬಗೆ

ಕಪ್ಪು ಜನಾಂಗದ ಹುಡುಗಿ, ಬಿಳಿಯರ ಹುಡುಗ, ಎರಡೂ ಮನೆಯಲ್ಲಿ ವಿರೋಧ. ಅಮೆರಿಕದ ಈ ವಸ್ತುವನ್ನಿಟ್ಟುಕೊಂಡು ಕನ್ನಡದಲ್ಲಿ ಕಾದಂಬರಿ ಬರೆಯಬೇಕು ಎಂದುಕೊಂಡಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇಂಥ ಹಸ್ತಪ್ರತಿಗಳನ್ನು ಓದಿದಾಗಲೆಲ್ಲ ನನಗೆ ಒಂದೇ ಕೊರತೆ ಕಾಣುತ್ತದೆ. ಕಪ್ಪು ಕುಟುಂಬ ಬಡವರದು, ಒಳ್ಳೆಯವರದು. ಬಿಳಿಯರ ಕುಟುಂಬ ಸಿರಿವಂತರದು, ಕೆಟ್ಟವರದು. ಪ್ರೇಮಿಗಳು ಮಾತ್ರ ಯಾವ ಮನೆಗೂ ಸೇರದ ದೇವತೆಗಳು. ಹೀಗೆ ಬಣ್ಣವೂ ಹಣವೂ ಒಂದೇ ಕಡೆಗೆ ವಾಲಿಕೊಂಡರೆ ಮೂರನೇ ಅಧ್ಯಾಯಕ್ಕೇ ಕಥೆ ಮುಗಿದುಹೋಗುತ್ತದೆ, ಮಿಕ್ಕಿದ್ದೆಲ್ಲ ಗೋಳು.

ನನ್ನ ಸಲಹೆ ಇದು: ಬಣ್ಣವನ್ನೂ ಹಣವನ್ನೂ ಎದುರುಬದುರು ನಿಲ್ಲಿಸಿ. ಹುಡುಗಿ ವಾಷಿಂಗ್ಟನ್‌ನ ಕಪ್ಪು ಡಾಕ್ಟರೊಬ್ಬರ ಮಗಳಾಗಲಿ. ಹುಡುಗ ದಕ್ಷಿಣ ವರ್ಜೀನಿಯಾದ ಹತ್ತಿ ಗಿರಣಿ ಕೂಲಿಯ ಮಗನಾಗಲಿ. ಆಗ ಪ್ರತಿ ಭೇಟಿಯಲ್ಲೂ ಯಾರು ಮೇಲು, ಯಾರು ಕೀಳು ಎಂಬುದು ಎರಡು ಸಲ ತೀರ್ಮಾನವಾಗಬೇಕು, ಎರಡು ಸಲವೂ ಬೇರೆ ಬೇರೆ ಉತ್ತರ ಬರುತ್ತದೆ. ಕಾದಂಬರಿ ಹುಟ್ಟುವುದು ಆ ಜಾಗದಲ್ಲಿ. ಮುಂದಿನ ಹೆಜ್ಜೆಗಳನ್ನೆಲ್ಲ ಇದೇ ಒಂದು ಉದಾಹರಣೆಯ ಮೇಲೆ ಹೇಳುತ್ತೇನೆ. ನಿಮ್ಮ ಊರು, ಕಾಲ ಬೇರೆಯಾದರೂ ಕ್ರಮ ಇದೇ.

ಮೊದಲು ಊರು ಮತ್ತು ಇಸವಿ

ಪ್ರೇಮಕ್ಕಿಂತ ಮುಂಚೆ ನಕ್ಷೆ ಬಿಡಿಸಿಕೊಳ್ಳಿ. ಅಮೆರಿಕದಲ್ಲಿ ಮದುವೆಯ ಕಾನೂನು ಆಯಾ ರಾಜ್ಯದ್ದು. ಬಿಳಿಯರು ಕಪ್ಪು ಜನರನ್ನು ಮದುವೆಯಾಗಬಾರದು ಎಂಬ ಕ್ಯಾಲಿಫೋರ್ನಿಯಾದ ನಿಷೇಧ 1948ರಲ್ಲೇ ಅಲ್ಲಿನ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ವರ್ಜೀನಿಯಾದಲ್ಲಿ 1924ರ ಕಾಯ್ದೆ 1967ರವರೆಗೂ ಗಟ್ಟಿಯಾಗಿತ್ತು. ರಾಜಧಾನಿ ವಾಷಿಂಗ್ಟನ್‌ನಲ್ಲಿ ಅಂಥ ಅಡ್ಡಿ ಇರಲಿಲ್ಲ, ಪಕ್ಕದ ಮೇರಿಲ್ಯಾಂಡ್‌ನಲ್ಲಿ ಇತ್ತು. ಪೊಟೊಮ್ಯಾಕ್ ನದಿಯ ಸೇತುವೆ ದಾಟಿ ವರ್ಜೀನಿಯಾಕ್ಕೆ ಕಾಲಿಟ್ಟರೆ ಗಂಡಹೆಂಡತಿ ಅಪರಾಧಿಗಳಾಗಿಬಿಡುತ್ತಿದ್ದರು. ವರ್ಜೀನಿಯಾದ ಕಾನೂನು ಇನ್ನೂ ಜಾಣತನದ್ದು: ಹೊರಗೆ ಹೋಗಿ ಮದುವೆಯಾಗಿ ಮತ್ತೆ ರಾಜ್ಯಕ್ಕೆ ಮರಳುವ ಉದ್ದೇಶ ಇಟ್ಟುಕೊಂಡವರನ್ನೂ ಅದು ಹಿಡಿಯುತ್ತಿತ್ತು, ಶಿಕ್ಷೆ ಒಂದರಿಂದ ಐದು ವರ್ಷ ಜೈಲು. ಅಂದರೆ ನಿಮ್ಮ ಹುಡುಗನ ಖಾಯಂ ವಿಳಾಸ ಯಾವುದು ಎಂಬ ಸಣ್ಣ ಸಂಗತಿಯೇ ಕಥೆಯ ಕೀಲಿ ಆಗಬಹುದು.

ರಿಚರ್ಡ್ ಲವಿಂಗ್ ಮತ್ತು ಮಿಲ್ಡ್ರೆಡ್ ಜೆಟರ್ ಅವರ ಪ್ರಕರಣವನ್ನು ಕಡ್ಡಾಯವಾಗಿ ಓದಿ. ಅವನು ವರ್ಜೀನಿಯಾದ ಬಿಳಿಯ, ಇಟ್ಟಿಗೆ ಗಾರೆಯವನು; ಅವಳು ಬಿಳಿಯಳಲ್ಲ. 1958ರ ಜೂನ್‌ನಲ್ಲಿ ವಾಷಿಂಗ್ಟನ್‌ಗೆ ಹೋಗಿ ಮದುವೆಯಾಗಿ ಊರಿಗೆ ಬಂದರು. ಮುಂದಿನ ತಿಂಗಳು ಒಂದು ನಡುರಾತ್ರಿ ಷೆರಿಫ್ ಮಲಗುವ ಕೋಣೆಗೇ ನುಗ್ಗಿ ಟಾರ್ಚ್ ಬಿಟ್ಟ. ಅವಳು ಗೋಡೆಯ ಮೇಲಿದ್ದ ಮದುವೆ ಪ್ರಮಾಣಪತ್ರ ತೋರಿಸಿದಳು. ಅದು ಇಲ್ಲಿ ನಡೆಯುವುದಿಲ್ಲ ಎಂದ ಅವನು. 1959ರ ಜನವರಿಯಲ್ಲಿ ಒಂದು ವರ್ಷದ ಸೆರೆ ಆಯಿತು. 25 ವರ್ಷ ಇಬ್ಬರೂ ಒಟ್ಟಿಗೆ ರಾಜ್ಯಕ್ಕೆ ಕಾಲಿಡಬಾರದು ಎಂಬ ಷರತ್ತಿನ ಮೇಲೆ ಅದನ್ನು ಅಮಾನತಿನಲ್ಲಿಟ್ಟರು. ಸುಪ್ರೀಂ ಕೋರ್ಟಿನ ಸರ್ವಾನುಮತದ ತೀರ್ಪು ಬಂದದ್ದು 1967ರ ಜೂನ್ 12ಕ್ಕೆ. ಆ ಹೊತ್ತಿಗೂ 16 ರಾಜ್ಯಗಳಲ್ಲಿ ನಿಷೇಧ ಉಳಿದಿತ್ತು.

ಈ ದಂಪತಿಯ ಕಥೆಯನ್ನೇ ಹೆಸರು ಬದಲಿಸಿ ಬರೆಯಬೇಡಿ. ಅದು ಅವರ ಬದುಕು. ನಿಮಗೆ ಬೇಕಾದದ್ದು ಆ ಗೋಡೆಯ ಮೇಲಿನ ಕಾಗದದಂಥ ವಿವರ ಹೇಗೆ ಕೆಲಸ ಮಾಡುತ್ತದೆ ಎಂಬ ತಿಳಿವಳಿಕೆ. ನಮ್ಮ ಕಾದಂಬರಿಗೆ 1960ರಿಂದ 1967ರವರೆಗಿನ ಏಳು ವರ್ಷ ಇಟ್ಟುಕೊಳ್ಳೋಣ.

ಎರಡು ಮನೆಗಳ ಜಮಾಖರ್ಚು

ಪಾತ್ರಗಳ ಸ್ವಭಾವ ಬರೆಯುವ ಮೊದಲು ಎರಡೂ ಮನೆಯ ಜಮಾಖರ್ಚು ಬರೆಯಿರಿ. ಯಾರು ದುಡಿಯುತ್ತಾರೆ, ಮನೆ ಸ್ವಂತದ್ದೋ ಬಾಡಿಗೆಯದ್ದೋ, ಸಾಲ ಎಲ್ಲಿಂದ, ಕಾಯಿಲೆ ಬಂದರೆ ಯಾರ ಹತ್ತಿರ ಹೋಗುತ್ತಾರೆ, ಭಾನುವಾರ ಯಾವ ಚರ್ಚು, ಬೇಸಿಗೆ ಎಲ್ಲಿ ಕಳೆಯುತ್ತಾರೆ. ಬೇಸರ ಬಂದರೂ ಇದನ್ನು ಬಿಡಬೇಡಿ.

ಹುಡುಗಿಯ ಮನೆ. ತಂದೆ ವಾಷಿಂಗ್ಟನ್‌ನ ಕಪ್ಪು ಜನರ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಿ ಫ್ರೀಡ್‌ಮೆನ್ಸ್ ಆಸ್ಪತ್ರೆಯಲ್ಲಿ ಡಾಕ್ಟರು. ತಾಯಿ ಡನ್‌ಬಾರ್ ಹೈಸ್ಕೂಲಿನ ಮೇಡಂ. ಬಿಳಿಯರ ಕಾಲೇಜುಗಳು ಕೆಲಸ ಕೊಡದ ಕಾಲದಲ್ಲಿ ದೊಡ್ಡ ದೊಡ್ಡ ಪದವಿ ಪಡೆದ ಕಪ್ಪು ವಿದ್ವಾಂಸರು ಆ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದರು. ಮನೆಯಲ್ಲಿ ಪಿಯಾನೊ. ಮಾರ್ಥಾಸ್ ವಿನ್ಯಾರ್ಡ್ ದ್ವೀಪದ ಓಕ್ ಬ್ಲಫ್ಸ್‌ನಲ್ಲಿ ಬೇಸಿಗೆಗೊಂದು ಪುಟ್ಟ ಮನೆ. ಮಕ್ಕಳನ್ನು ಜಾಕ್ ಅಂಡ್ ಜಿಲ್ ಎಂಬ, 1938ರಲ್ಲಿ ಫಿಲಡೆಲ್ಫಿಯದಲ್ಲಿ ತಾಯಂದಿರು ಕಟ್ಟಿದ ಸಂಘಕ್ಕೆ ಸೇರಿಸಿರುತ್ತಾರೆ. ತಮ್ಮಂಥ ಮನೆಯ ಮಕ್ಕಳು ತಮ್ಮಂಥವರ ಜತೆ ಬೆಳೆಯಲಿ ಎಂಬ ಆಸೆ. ಈ ವರ್ಗದೊಳಗೂ ಬಣ್ಣದ ಮೆಟ್ಟಿಲುಗಳಿದ್ದವು: ಕಂದು ಕಾಗದದ ಚೀಲಕ್ಕಿಂತ ಮೈಬಣ್ಣ ತಿಳಿಯಾಗಿದ್ದರೆ ಮಾತ್ರ ಒಳಗೆ ಎಂಬ ಲೆಕ್ಕದ ಮಾತು ಅಲ್ಲಿ ಎಲ್ಲರಿಗೂ ಗೊತ್ತು. ಆ ಮನೆಯ ಅಜ್ಜಿ ಮೊಮ್ಮಗಳಿಗೆ ಬಿಸಿಲಲ್ಲಿ ಆಡಬೇಡ ಎಂದು ಹೇಳುವ ಒಂದು ಸಾಲು ಬರೆಯಿರಿ, ಕನ್ನಡದ ಓದುಗರಿಗೆ ವಿವರಣೆಯೇ ಬೇಕಾಗುವುದಿಲ್ಲ.

ಅಷ್ಟು ಸ್ಥಿತಿವಂತರಾದರೂ ಡಾಕ್ಟರಿಗೆ ಬೇಕಾದ ಬೀದಿಯಲ್ಲಿ ಮನೆ ಸಿಗುವುದಿಲ್ಲ. ಆ ಸೊತ್ತನ್ನು ಕಪ್ಪು ಜನರಿಗೆ ಮಾರಕೂಡದು ಎಂದು ಕ್ರಯಪತ್ರದಲ್ಲೇ ಬರೆದಿರುತ್ತಿದ್ದರು. 1948ರಲ್ಲಿ ಸುಪ್ರೀಂ ಕೋರ್ಟು ಅಂಥ ಕರಾರುಗಳನ್ನು ನ್ಯಾಯಾಲಯಗಳು ಜಾರಿ ಮಾಡಬಾರದು ಎಂದಿತು, ಅದರಲ್ಲಿ ಒಂದು ಮೊಕದ್ದಮೆ ವಾಷಿಂಗ್ಟನ್‌ನದೇ. ಕರಾರು ಹೋದರೂ ಬ್ಯಾಂಕು ಹೋಗಲಿಲ್ಲ. 1930ರ ದಶಕದಲ್ಲಿ ಕೇಂದ್ರ ಸರ್ಕಾರದ ಗೃಹಸಾಲ ನಿಗಮ ನಗರಗಳ ನಕ್ಷೆಗೆ ಹಸಿರು, ನೀಲಿ, ಹಳದಿ, ಕೆಂಪು ಬಳಿದು, ಕಪ್ಪು ಜನರಿದ್ದ ಬಡಾವಣೆಗಳನ್ನು ಸಾಲಕ್ಕೆ ಅಪಾಯಕಾರಿ ಎಂದು ಕೆಂಪಿಗೆ ಹಾಕಿತ್ತು. ಹೀಗೆ ಡಾಕ್ಟರ ದುಡ್ಡು ಪಿಯಾನೊ ಕೊಳ್ಳುತ್ತದೆ, ಬೀದಿ ಕೊಳ್ಳುವುದಿಲ್ಲ.

ಹುಡುಗನ ಮನೆ. ಡ್ಯಾನ್‌ವಿಲ್‌ನ ಡ್ಯಾನ್ ರಿವರ್ ಮಿಲ್ಸ್. ಸ್ಕೂಲ್‌ಫೀಲ್ಡ್ ಎಂಬ ಗಿರಣಿ ಊರಿನಲ್ಲಿ ಒಂದು ಕಾಲಕ್ಕೆ ಮನೆ, ಶಾಲೆ, ಅಂಗಡಿ ಎಲ್ಲವೂ ಗಿರಣಿಯದೇ. ತಂದೆ ಹತ್ತಿ ಬಿಡಿಸುವ ವಿಭಾಗದಲ್ಲಿ, ತಾಯಿ ನೂಲಿನ ವಿಭಾಗದಲ್ಲಿ. 1951ರ ಮುಷ್ಕರದಲ್ಲಿ ತಂದೆ ಇದ್ದ, ಮುಷ್ಕರ ಸೋತಿತು, ಸೋತವರಿಗೆ ಆಮೇಲೆ ತಲೆಯೆತ್ತುವುದು ಕಷ್ಟವಾಯಿತು. ಯಂತ್ರದ ಮುಂದಿನ ಬಹುಪಾಲು ಕೆಲಸ ಬಿಳಿಯರಿಗೇ ಮೀಸಲು. ಕಪ್ಪು ಜನರಿಗೆ ಹೆಚ್ಚಾಗಿ ಗುಡಿಸುವುದು, ಹತ್ತಿ ಬೇಲು ಹೊರುವುದು. 1964ರ ನಾಗರಿಕ ಹಕ್ಕುಗಳ ಕಾಯ್ದೆಯ ನಂತರವೇ ಆ ಬಾಗಿಲು ಪೂರ್ತಿ ತೆರೆದದ್ದು. ಈ ಒಂದು ವಿಷಯ ತಂದೆಯ ಪಾತ್ರಕ್ಕೆ ಬೆನ್ನೆಲುಬು. ಅವನ ಸಂಬಳ ಕಡಿಮೆ, ಎದೆ ಹಾಳು, ಮಾಲೀಕನ ಮುಂದೆ ಬಾಯಿಲ್ಲ. ಆದರೆ ತನ್ನ ಕೆಳಗೆ ಒಬ್ಬರಿದ್ದಾರೆ ಎಂಬುದು ಮಾತ್ರ ಅವನ ಆಸ್ತಿ. ಬಿಳಿ ಕೂಲಿಗಳಿಗೆ ಕಡಿಮೆ ಸಂಬಳದ ಜತೆ ಒಂದು ಬಗೆಯ ಸಾಮಾಜಿಕ, ಮಾನಸಿಕ ಕೂಲಿಯೂ ಸಂದಾಯವಾಗುತ್ತಿತ್ತು ಎಂದು ಅಮೆರಿಕದ ಕಪ್ಪು ಚಿಂತಕ ಡಬ್ಲ್ಯು. ಇ. ಬಿ. ಡುಬಾಯ್ಸ್ 1935ರಲ್ಲೇ ಬರೆದಿದ್ದರು. ಮಗ ಡಾಕ್ಟರ ಮಗಳನ್ನು ಕಟ್ಟಿಕೊಂಡರೆ ತಂದೆ ಕಳೆದುಕೊಳ್ಳುವುದು ಆ ಕೂಲಿಯನ್ನು.

ಒಂದು ಎಚ್ಚರ. ಇಂಥ ಜೋಡಿ ಸಾಧ್ಯವಿತ್ತು, ಸಾಮಾನ್ಯವಾಗಿರಲಿಲ್ಲ. ಇವತ್ತಿಗೂ, 2022ರ ಅಮೆರಿಕದ ಕೇಂದ್ರ ಬ್ಯಾಂಕಿನ ಸಮೀಕ್ಷೆಯಂತೆ, ನಡುಮಟ್ಟದ ಬಿಳಿಯ ಕುಟುಂಬದ ಆಸ್ತಿ 2,85,000 ಡಾಲರ್, ಕಪ್ಪು ಕುಟುಂಬದ್ದು 44,900. ಡಾಕ್ಟರ ಆಸ್ಪತ್ರೆಗೆ ಬರುವ ರೋಗಿಗಳು, ಅವರ ಮನೆ ಒರೆಸುವ ಹೆಂಗಸು, ಅವಳ ಮಗ ಕಾದಂಬರಿಯಲ್ಲಿ ಕಾಣಬೇಕು. ಇಲ್ಲದಿದ್ದರೆ ಅಮೆರಿಕದ ಕಪ್ಪು ಜನರಿಗೆ ಹಣದ ತೊಂದರೆಯೇ ಇರಲಿಲ್ಲವೇನೋ ಎಂದು ಓದುಗರು ತಿಳಿದಾರು. ಆ ಒರೆಸುವ ಹೆಂಗಸು ಮಾಲೀಕರ ಮಗಳ ಪ್ರೇಮದ ಬಗ್ಗೆ ಏನನ್ನುತ್ತಾಳೆ? ನನಗಂತೂ ಅವಳ ಮಾತು ಕೇಳುವ ಆಸೆ ಎಲ್ಲರಿಗಿಂತ ಹೆಚ್ಚು.

ಇಬ್ಬರೂ ಎಲ್ಲಿ ಎದುರಾದರು

ಶಾಲೆ, ಹೋಟೆಲು, ಈಜುಕೊಳ, ಚರ್ಚು, ಸ್ಮಶಾನ ಎಲ್ಲವೂ ಬೇರೆ ಬೇರೆಯಾಗಿದ್ದ ಸಮಾಜದಲ್ಲಿ ಇಬ್ಬರು ಸುಮ್ಮನೆ ಭೇಟಿಯಾಗಲಾರರು. ಬಸ್ ನಿಲ್ದಾಣದಲ್ಲಿ ಕಣ್ಣುಗಳು ಕಲೆತವು ಎಂದು ಬರೆದರೆ ಕಾಲವನ್ನೇ ಮರೆತಂತೆ. ಜಾಗ ಹುಡುಕಬೇಕು.

ವಾಷಿಂಗ್ಟನ್‌ನ ಗಡಿಯಾಚೆ, ಮೇರಿಲ್ಯಾಂಡ್‌ನಲ್ಲಿ, ಪೊಟೊಮ್ಯಾಕ್ ದಂಡೆಯ ಮೇಲೆ ಗ್ಲೆನ್ ಎಕೋ ಎಂಬ ಮನರಂಜನಾ ಪಾರ್ಕಿತ್ತು. ಬಿಳಿಯರಿಗೆ ಮಾತ್ರ ಪ್ರವೇಶ. 1960ರ ಜೂನ್ 30ರಂದು ಹೊವಾರ್ಡ್ ವಿದ್ಯಾರ್ಥಿಗಳ ಗುಂಪು ಒಳಗೆ ಹೋಗಿ ಮರದ ಕುದುರೆಗಳು ಸುತ್ತುವ ಆಟದ ಮೇಲೆ ಕೂತಿತು. ಐದು ಮಂದಿಯ ಬಂಧನವಾಯಿತು. ಬೇಸಿಗೆಯುದ್ದಕ್ಕೂ ಗೇಟಿನ ಮುಂದೆ ಫಲಕ ಹಿಡಿದು ಧರಣಿ ನಡೆಯಿತು, ಸುತ್ತಲಿನ ಬಿಳಿಯ ನೆರೆಹೊರೆಯವರೂ ಸೇರಿಕೊಂಡರು, ಎದುರು ಬದಿಯಲ್ಲಿ ಅಮೆರಿಕದ ನಾಜಿಗಳು ತಮ್ಮ ಫಲಕ ಹಿಡಿದು ನಿಂತರು. 1961ರಲ್ಲಿ ಪಾರ್ಕು ಎಲ್ಲರಿಗೂ ತೆರೆಯಿತು. ಬಂಧಿತರ ಶಿಕ್ಷೆಯನ್ನು ಸುಪ್ರೀಂ ಕೋರ್ಟು 1964ರಲ್ಲಿ ರದ್ದು ಮಾಡಿತು.

ನಿಮ್ಮ ಹುಡುಗಿ ಆ ಕುದುರೆಯ ಮೇಲೆ ಕೂತವರಲ್ಲಿ ಒಬ್ಬಳಾಗಲಿ. ಹುಡುಗ ಆ ಯಂತ್ರದ ಲಿವರ್ ಹಿಡಿಯುವ ಕೆಲಸಗಾರನಾಗಲಿ, ಡ್ಯಾನ್‌ವಿಲ್ ಬಿಟ್ಟು ಕೂಲಿಗೆ ಬಂದವನು. ಅವಳ ಕೈಯಲ್ಲಿ ಟಿಕೆಟ್ ಇದೆ. ಅವನು ಲಿವರ್ ಎಳೆದರೆ ಕೆಲಸ ಹೋಗುತ್ತದೆ, ಎಳೆಯದಿದ್ದರೆ ಅವಳ ಕಣ್ಣಲ್ಲಿ ಕಾವಲುಗಾರನಿಗೂ ಇವನಿಗೂ ವ್ಯತ್ಯಾಸವಿಲ್ಲ. ಅವನು ಎಳೆಯುವುದಿಲ್ಲ. ಇದು ಮುಖ್ಯ. ಮೊದಲ ಭೇಟಿಯಲ್ಲೇ ಹುಡುಗನನ್ನು ವೀರ ಮಾಡಿಬಿಟ್ಟರೆ ಅವನಿಗೆ ಬೆಳೆಯಲು ಜಾಗವೇ ಇರುವುದಿಲ್ಲ. ವಾರಗಟ್ಟಲೆ ಅವಳು ಗೇಟಿನ ಹೊರಗೆ, ಅವನು ಒಳಗೆ. ಪಾರ್ಕು ಮುಚ್ಚಿದರೆ ಅವನ ಕೂಲಿ ನಿಲ್ಲುತ್ತದೆ ಎಂದು ಅವಳಿಗೆ ಹೊಳೆಯುವ ದಿನ ಮತ್ತು ಅವಳ ಧರಣಿ ಆಟಕ್ಕಾಗಿ ಅಲ್ಲ ಎಂದು ಅವನಿಗೆ ತಿಳಿಯುವ ದಿನ ಒಂದೇ ಆಗಬಾರದು.

ಮೇರಿಲ್ಯಾಂಡ್‌ನಲ್ಲಿ ಭೇಟಿ, ವಾಷಿಂಗ್ಟನ್‌ನಲ್ಲಿ ಮದುವೆ, ವರ್ಜೀನಿಯಾದಲ್ಲಿ ಅಮ್ಮ. ಮೂರು ಜಾಗ, ಮೂರು ಕಾನೂನು.

ಮನೆಯಲ್ಲೇ ಕೂತು ಸಾಮಗ್ರಿ ಕೂಡಿಸುವುದು

ಶಿವಮೊಗ್ಗದಲ್ಲೋ ಕಲಬುರಗಿಯಲ್ಲೋ ಇದ್ದೂ ಇದನ್ನೆಲ್ಲ ನೋಡಬಹುದು, ಅದೂ ಬಿಟ್ಟಿಯಾಗಿ. ಅಮೆರಿಕದ ಜನಗಣತಿಯ ಮನೆಮನೆಯ ವಿವರ 72 ವರ್ಷಕ್ಕೆ ಹೊರಬರುತ್ತದೆ. 1950ರ ಹಾಳೆಗಳು 2022ರ ಏಪ್ರಿಲ್‌ನಿಂದ ಅವರ ರಾಷ್ಟ್ರೀಯ ಪತ್ರಾಗಾರದ ಜಾಲತಾಣದಲ್ಲಿವೆ. ಗಿರಣಿ ಊರಿನ ಒಂದು ಬೀದಿ ಆರಿಸಿಕೊಂಡು ಸಾಲಾಗಿ ಮನೆಗಳನ್ನು ಓದುತ್ತ ಹೋಗಿ: ಯಾರ ವಯಸ್ಸೆಷ್ಟು, ಏನು ಕೆಲಸ, ಮನೆಯಲ್ಲಿ ಎಷ್ಟು ಜನ. ಆಮೇಲೆ ವಾಷಿಂಗ್ಟನ್‌ನ ಕಪ್ಪು ಜನರ ಒಂದು ಬೀದಿಯನ್ನು ಹಾಗೇ ಓದಿ. ಪಾತ್ರಗಳಿಗೆ ಅಲ್ಲಿನ ನಿಜವಾದ ಹೆಸರುಗಳನ್ನು ಇಡಬೇಡಿ, ಅವರ ಮೊಮ್ಮಕ್ಕಳು ಇರುತ್ತಾರೆ.

ನಾನು ಹೇಳಿದ ಕೆಂಪು ಬಳಿದ ನಕ್ಷೆಗಳನ್ನು ರಿಚ್ಮಂಡ್ ವಿಶ್ವವಿದ್ಯಾಲಯ ಜಾಲದಲ್ಲಿ ಹಾಕಿದೆ. ಅಮೆರಿಕದ ಸಂಸತ್ತಿನ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನ ಜಾಲದ ಸಂಗ್ರಹದಲ್ಲಿ 1963ರವರೆಗಿನ ಹಳೆಯ ಪತ್ರಿಕೆಗಳ ಪುಟಗಳಿವೆ. ಸುದ್ದಿಗಿಂತ ಜಾಹೀರಾತು ಓದಿ: ಶೂ ಎಷ್ಟು, ಬಾಡಿಗೆ ಎಷ್ಟು, ಮನೆಗೆಲಸಕ್ಕೆ ಎಂಥವರು ಬೇಕು ಎಂದು ಹೇಗೆ ಬರೆಯುತ್ತಿದ್ದರು. ಲವಿಂಗ್ ಪ್ರಕರಣದ 1967ರ ಏಪ್ರಿಲ್‌ನ ವಾದದ ಧ್ವನಿಮುದ್ರಣ ಕೂಡ ಕೇಳಲು ಸಿಗುತ್ತದೆ. ವರ್ಜೀನಿಯಾದ ಪರ ವಕೀಲರು ಎಷ್ಟು ಸಭ್ಯ ದನಿಯಲ್ಲಿ ಮಾತಾಡುತ್ತಾರೆ ಕೇಳಿ. ನಿಮ್ಮ ಖಳರು ಅರಚಾಡಬೇಕಾಗಿಲ್ಲ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ.

ಗಿರಣಿಯ ಒಳಗನ್ನು ಮಾತ್ರ ಪುಸ್ತಕದಿಂದ ಬರೆಯಬೇಡಿ. ದಾವಣಗೆರೆಯ, ಗೋಕಾಕದ, ಬೆಂಗಳೂರಿನ ಬಟ್ಟೆ ಗಿರಣಿಗಳಲ್ಲಿ ದುಡಿದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರ ಹತ್ತಿರ ಕೂತು ಕೇಳಿ. ಸೈರನ್ನು ಆದ ಮೇಲೆ ಎಷ್ಟು ಹೊತ್ತಿಗೆ ಗೇಟು ಮುಚ್ಚುತ್ತಿದ್ದರು, ಸದ್ದಿನ ನಡುವೆ ಸನ್ನೆಯಲ್ಲಿ ಹೇಗೆ ಮಾತಾಡುತ್ತಿದ್ದರು, ಎಳೆ ಕಡಿದರೆ ಬೆರಳು ಹೇಗೆ ಗಂಟು ಹಾಕುತ್ತಿತ್ತು, ಪಾಳಿ ಮುಗಿಸಿ ಬಂದಾಗ ತಲೆಗೂದಲು ಏನಾಗಿರುತ್ತಿತ್ತು. ಹತ್ತಿಯ ದೂಳಿಗೆ ದೇಶವಿಲ್ಲ.

ವಿರೋಧಕ್ಕೆ ಕಾರಣ ಇರಲಿ

ಎರಡೂ ಮನೆಯವರು ಬೇಡ ಎನ್ನುತ್ತಾರೆ, ಸರಿ. ಯಾಕೆ ಎಂಬುದು ಒಬ್ಬೊಬ್ಬರದು ಒಂದೊಂದು.

ಡಾಕ್ಟರ ಹೆಂಡತಿಗೆ ಹುಡುಗ ಬಿಳಿಯ ಎಂಬುದಕ್ಕಿಂತ ಕಾಲೇಜು ಮೆಟ್ಟಿಲು ಹತ್ತದವನು ಎಂಬ ಸಂಕಟ. ಮೂರು ತಲೆಮಾರು ಓದಿ ಗಳಿಸಿದ ಮಾನವನ್ನು ಮಗಳು ಪಾರ್ಕಿನ ಕೂಲಿಯವನಿಗೆ ಒಪ್ಪಿಸುತ್ತಿದ್ದಾಳೆ. ಬಿಳಿಯ ಅಂದ ಮಾತ್ರಕ್ಕೆ ಅವನು ನಮಗೆ ಸಮನಾಗಿಬಿಟ್ಟನೇ ಎಂದು ಅವಳು ಕೇಳಲಿ, ಆ ಪ್ರಶ್ನೆಯಲ್ಲಿ ನ್ಯಾಯವೂ ಇದೆ, ಜಂಬವೂ ಇದೆ. ಡಾಕ್ಟರಿಗೆ ಭಯ. ಬಿಳಿಯ ಗಂಡಸರು ಕಪ್ಪು ಹೆಂಗಸರನ್ನು ಹೇಗೆ ಬಳಸಿಕೊಂಡರು ಎಂಬ ಇತಿಹಾಸ ಅವರ ಸ್ವಂತ ವಂಶದಲ್ಲೇ ಇದೆ, ಅಜ್ಜಿಯ ತಿಳಿಬಣ್ಣ ಎಲ್ಲಿಂದ ಬಂತು ಎಂಬುದನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅಣ್ಣನಿಗೆ ನಾಗರಿಕ ಹಕ್ಕುಗಳ ಚಳವಳಿಯ ಚಿಂತೆ: ನಮ್ಮ ಹೋರಾಟವೆಲ್ಲ ಬಿಳಿಯರ ಮನೆಯ ಸಂಬಂಧಕ್ಕಾಗಿ ಎಂದು ಎದುರಿನವರು ಆಡಿಕೊಳ್ಳಲು ತಂಗಿಯೇ ಅವಕಾಶ ಕೊಟ್ಟಳು.

ಹುಡುಗನ ತಾಯಿಗೆ ನೆರೆಹೊರೆ, ಚರ್ಚು, ಗಿರಣಿಯ ಮೇಸ್ತ್ರಿ. 1958ರ ಗ್ಯಾಲಪ್ ಸಮೀಕ್ಷೆಯಲ್ಲಿ ಇಂಥ ಮದುವೆಯನ್ನು ಒಪ್ಪಿದ ಅಮೆರಿಕನ್ನರು ನೂರಕ್ಕೆ ನಾಲ್ಕೇ ನಾಲ್ಕು. ಉಳಿದವರ ನಡುವೆ ಅವಳು ನಾಳೆ ಬದುಕಬೇಕು. 1963ರ ಜೂನ್ 10ರ ರಾತ್ರಿ ಡ್ಯಾನ್‌ವಿಲ್‌ನಲ್ಲಿ ಪ್ರಾರ್ಥನೆಗೆ ಸೇರಿದ ಚಳವಳಿಗಾರರ ಮೇಲೆ ಬೆಂಕಿ ಆರಿಸುವ ಪೈಪಿನಿಂದ ನೀರು ಬಿಟ್ಟು ಲಾಠಿಯಲ್ಲಿ ಬಡಿದರು, ನಲವತ್ತಕ್ಕೂ ಹೆಚ್ಚು ಮಂದಿಗೆ ಗಾಯವಾಯಿತು. ಹುಡುಗನ ಚಿಕ್ಕಪ್ಪ ಅಂದು ಲಾಠಿ ಹಿಡಿದವರಲ್ಲಿ ಇದ್ದನೇ? ಇದ್ದರೆ ತಾಯಿ ಅದನ್ನು ಮಗನಿಗೆ ಹಾಕುವ ಕಾಗದದಲ್ಲಿ ಬರೆಯುತ್ತಾಳೋ ಇಲ್ಲವೋ? ಇಂಥ ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಂಡರೆ ಅಧ್ಯಾಯಗಳು ತಾವಾಗಿಯೇ ನಡೆಯುತ್ತವೆ.

ಏಕವಚನ, ಬಹುವಚನ

ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ದೊಡ್ಡ ಅನುಕೂಲವಿದೆ, ಅದನ್ನು ಪೂರ್ತಿ ಬಳಸಿಕೊಳ್ಳಿ. ಅಮೆರಿಕದ ದಕ್ಷಿಣದಲ್ಲಿ ಬಿಳಿಯರು ಕಪ್ಪು ಜನರನ್ನು, ಎಷ್ಟೇ ವಯಸ್ಸಾದವರಿರಲಿ, ಮಿಸ್ಟರ್, ಮಿಸ್ ಎಂದು ಕರೆಯುತ್ತಿರಲಿಲ್ಲ. ಬರೀ ಹೆಸರು, ಇಲ್ಲವೇ 'ಹುಡುಗ'. 1963ರಲ್ಲಿ ಅಲಬಾಮದ ಗ್ಯಾಡ್ಸ್‌ಡೆನ್ ನ್ಯಾಯಾಲಯದಲ್ಲಿ ಸರ್ಕಾರಿ ವಕೀಲ ಮೇರಿ ಹ್ಯಾಮಿಲ್ಟನ್ ಎಂಬ ಚಳವಳಿಗಾರ್ತಿಯನ್ನು ಮೇರಿ ಎಂದು ಕರೆದ. ಸರಿಯಾಗಿ ಕರೆಯುವವರೆಗೆ ಉತ್ತರಿಸುವುದಿಲ್ಲ ಎಂದಳು. ನ್ಯಾಯಾಂಗ ನಿಂದನೆ ಎಂದು ಜೈಲಿಗೆ ಹಾಕಿದರು. ಮರುವರ್ಷ ಸುಪ್ರೀಂ ಕೋರ್ಟು ಆ ಶಿಕ್ಷೆಯನ್ನು ತಳ್ಳಿಹಾಕಿತು.

ನಮ್ಮ ಸಂಭಾಷಣೆಯಲ್ಲಿ ಇದೆಲ್ಲ ಕ್ರಿಯಾಪದದ ತುದಿಯಲ್ಲೇ ಬರುತ್ತದೆ. ಗಿರಣಿಯ ಮುದುಕ ಡಾಕ್ಟರನ್ನು 'ಹೇಳು', 'ಬಾ' ಎನ್ನಲಿ. ಡಾಕ್ಟರು ತಪ್ಪದೆ 'ಹೇಳಿ', 'ಬನ್ನಿ' ಎನ್ನಲಿ, ಅವರ ಬಹುವಚನದಲ್ಲಿ ಸಂಸ್ಕಾರದ ಜತೆಗೆ ಚುಚ್ಚೂ ಇದೆ. ಮುದುಕ 'ಡಾಕ್ಟ್ರೇ' ಎಂದರೆ ಮರ್ಯಾದೆ ಬಂತು ಎಂದುಕೊಳ್ಳಬೇಡಿ. ಮಿಸ್ಟರ್ ಎನ್ನುವುದನ್ನು ತಪ್ಪಿಸಲಿಕ್ಕೇ ದಕ್ಷಿಣದ ಬಿಳಿಯರು ಕಪ್ಪು ಡಾಕ್ಟರು, ಪಾದ್ರಿ, ಮೇಷ್ಟ್ರುಗಳನ್ನು ಕಸುಬಿನ ಹೆಸರು ಹಿಡಿದು ಕರೆಯುತ್ತಿದ್ದರು. 'ಡಾಕ್ಟ್ರೇ, ಇಲ್ಲಿ ಬಾ' ಎಂಬ ವಿಚಿತ್ರ ವಾಕ್ಯವೇ ಅಲ್ಲಿಗೆ ಸರಿ. ಬದಲಾವಣೆ ತೋರಿಸಬೇಕಾದಾಗ ಆ 'ಬಾ' ಒಂದು ಕಡೆ 'ಬನ್ನಿ' ಆದರೆ ಸಾಕು, ಪಕ್ಕದಲ್ಲಿ ವಿವರಣೆ ಬರೆಯಬೇಡಿ.

ಇನ್ನು ಆಡುಮಾತು. ಗಿರಣಿ ಮನೆಯವರ ಬಾಯಲ್ಲಿ ನಮ್ಮ ಯಾವುದೋ ಜಿಲ್ಲೆಯ ಕನ್ನಡ ಇಟ್ಟರೆ ಓದುಗರ ಕಣ್ಣಮುಂದೆ ಆ ಜಿಲ್ಲೆಯೇ ಬರುತ್ತದೆ, ವರ್ಜೀನಿಯಾ ಮಾಯವಾಗುತ್ತದೆ. ವಾಕ್ಯದ ಉದ್ದದಲ್ಲಿ, ಬೈಬಲ್ಲಿನ ಮಾತು ಎಷ್ಟು ಬರುತ್ತದೆ ಎಂಬುದರಲ್ಲಿ, ಏನನ್ನು ಹೇಳದೆ ಬಿಡುತ್ತಾರೆ ಎಂಬುದರಲ್ಲಿ ವ್ಯತ್ಯಾಸ ತನ್ನಿ. ಆ ಕಾಲದ ಬೈಗುಳಗಳು ಪಾತ್ರದ ಬಾಯಲ್ಲಿ ಬೇಕಾದಷ್ಟೇ ಬರಲಿ, ನಿರೂಪಣೆಗೆ ದಾಟಬಾರದು.

ಜಾತಿಯನ್ನು ಬಣ್ಣಕ್ಕೆ ಅಂಟಿಸಬೇಡಿ

ನಮಗೆ ಅಂತರ್ಜಾತಿ ಮದುವೆಯ ಕಥೆ ಅಂಗೈ ಗೆರೆಯಷ್ಟು ಪರಿಚಿತ, ಹಾಗಾಗಿ ಕೈ ತಾನಾಗಿ ಆ ಕಡೆ ಎಳೆಯುತ್ತದೆ. ಎರಡರ ನಡುವೆ ಮಾತುಕತೆ ಇದ್ದದ್ದು ನಿಜ, 1946ರಲ್ಲಿ ಅಂಬೇಡ್ಕರ್ ಸ್ವತಃ ಡುಬಾಯ್ಸ್‌ಗೆ ಪತ್ರ ಬರೆದಿದ್ದರು. ಆದರೆ ದೃಶ್ಯ ಕಟ್ಟುವಾಗ ಎರಡೂ ಬೇರೆ. ನಮ್ಮಲ್ಲಿ ಯಾವ ಊರು, ಯಾರ ಪೈಕಿ ಎಂದು ಕೇಳಿ ಕೇಳಿ ತಿಳಿದುಕೊಳ್ಳುತ್ತಾರೆ. ಅಲ್ಲಿ ಬೀದಿಯ ಆ ತುದಿಯಿಂದಲೇ ತೀರ್ಮಾನವಾಗಿರುತ್ತದೆ. ಆದ್ದರಿಂದ ಬಯಲಿಗೆ ಬರುವ ಗುಟ್ಟಿನ ಕಥೆ ಅಲ್ಲಿ ನಡೆಯುವುದಿಲ್ಲ, ಪ್ರೇಮಿಗಳು ಒಟ್ಟಿಗೆ ರಸ್ತೆ ದಾಟುವುದೇ ಒಂದು ಘಟನೆ.

ಗುಟ್ಟು ಬೇಕೇ ಬೇಕೆಂದರೆ ಸರ್ಕಾರಿ ಕಾಗದದಲ್ಲಿ ಹುಡುಕಿ. ಬೇರೆ ರಕ್ತ ಲವಲೇಶವಿದ್ದರೂ ಬಿಳಿಯರಲ್ಲ ಎಂದು ವರ್ಜೀನಿಯಾದ 1924ರ ಕಾಯ್ದೆ ಹೇಳಿತು. ಮೂಲನಿವಾಸಿ ಹೆಣ್ಣುಮಗಳು ಪೊಕಹಾಂಟಸ್ ತಮ್ಮ ಮೂಲ ಅಜ್ಜಿ ಎಂದು ಹೆಮ್ಮೆಪಡುತ್ತಿದ್ದ ದೊಡ್ಡ ಮನೆತನಗಳಿಗಾಗಿ, ಮೂಲನಿವಾಸಿ ರಕ್ತ ಹದಿನಾರನೇ ಒಂದು ಪಾಲು ಮೀರದಿದ್ದರೆ ಪರವಾಗಿಲ್ಲ ಎಂದು ವಿನಾಯಿತಿ ಕೊಟ್ಟಿತು. ವಾಲ್ಟರ್ ಪ್ಲೆಕರ್ ಎಂಬ ಜನನ ಮರಣ ನೋಂದಣಿ ಅಧಿಕಾರಿ ವರ್ಷಗಟ್ಟಲೆ ಜನರ ಪ್ರಮಾಣಪತ್ರಗಳನ್ನು ಕೆದಕಿ ಜನಾಂಗ ತಿದ್ದಿದ. ಗಿರಣಿಯ ಬಿಳಿಯ ತಾಯಿಯ ವಂಶದಲ್ಲೇ ಅಂಥ ತಿದ್ದಿದ ಕಾಗದವೊಂದು ಇದ್ದರೆ?

ಕನ್ನಡದ ಪಾತ್ರವೊಂದನ್ನು ಸಾಕ್ಷಿಯಾಗಿ ಸೇರಿಸುವ ಆಸೆಯೂ ಬರುತ್ತದೆ. 1946ರ ಕಾನೂನಿನಂತೆ ಭಾರತದಿಂದ ವಲಸೆಗೆ ವರ್ಷಕ್ಕೆ ನೂರು ಜನರ ಮಿತಿ, ಅದು ಸಡಿಲವಾದದ್ದು 1965ರ ಕಾಯ್ದೆಯಿಂದ. 1960ರ ವಾಷಿಂಗ್ಟನ್‌ನಲ್ಲಿ ಮೈಸೂರು ಕಡೆಯ ವಿದ್ಯಾರ್ಥಿಯೊಬ್ಬ ಇರಬಹುದು, ಆದರೆ ಕಥೆ ಹೇಳುವುದಕ್ಕೆ ಅವನು ಬೇಕಿಲ್ಲ. ಅವನನ್ನು ತಂದರೆ ಅವನಿಗೂ ಬಣ್ಣ, ಜಾತಿ, ಹಣ ಮೂರರ ಲೆಕ್ಕ ತೆರೆಯಬೇಕಾಗುತ್ತದೆ. ಬಿಡಿ.

ಎರಡೂ ಮನೆ ಒಂದೇ ಕೋಣೆಯಲ್ಲಿ

ಇಂಥ ಕಾದಂಬರಿಯಲ್ಲಿ ಎಲ್ಲರೂ ಕಾಯುವ ದೃಶ್ಯ ಇದು. ಊಟದ ಮೇಜಿನ ಮೇಲೆ ಬರೆಯುವುದು ರೂಢಿ. ಅದಕ್ಕಿಂತ ಒಳ್ಳೆಯ ಜಾಗ ನಿಮ್ಮ ಜಮಾಖರ್ಚಿನಲ್ಲೇ ಇದೆ.

ಹತ್ತಿಯ ದೂಳು ವರ್ಷಗಟ್ಟಲೆ ಕುಡಿದವರ ಎದೆ ಹಿಡಿಯುತ್ತದೆ. ಶುರುವಿನಲ್ಲಿ ಭಾನುವಾರ ರಜೆ ಮುಗಿಸಿ ಸೋಮವಾರ ಪಾಳಿಗೆ ಹೋದ ದಿನ ಬಿಗಿತ ಹೆಚ್ಚು, ವಾರ ಕಳೆದಂತೆ ಇಳಿಯುತ್ತದೆ, ಕೊನೆಗೆ ಎಲ್ಲ ದಿನವೂ ಸೋಮವಾರವಾಗುತ್ತದೆ. ಇಂಗ್ಲೆಂಡಿನಲ್ಲಿ 1940ರ ದಶಕದಲ್ಲೇ ಬಿಸಿನೋಸಿಸ್ ಎಂಬ ಈ ರೋಗಕ್ಕೆ ಪರಿಹಾರ ಕೊಡುತ್ತಿದ್ದರು. ಅಮೆರಿಕದಲ್ಲಿ ಹತ್ತಿ ದೂಳಿಗೆ ಕೇಂದ್ರದ ಮಿತಿ ಬಂದದ್ದು 1978ರಲ್ಲಿ. 1964ರ ಹೊತ್ತಿಗೆ ಗಿರಣಿ ಊರಿನ ಡಾಕ್ಟರು ಸಿಗರೇಟಿನ ಕೆಮ್ಮು ಎಂದು ಹೇಳಿ ಕಳಿಸಿರುತ್ತಾರೆ.

ಡ್ಯಾನ್‌ವಿಲ್‌ನಿಂದ ವಾಷಿಂಗ್ಟನ್‌ಗೆ ಸದರ್ನ್ ರೈಲ್ವೆಯ ನೇರ ಗಾಡಿಯಿತ್ತು. ಮಗು ಹುಟ್ಟಿದೆ, ಮಗ ಸೊಸೆ ವರ್ಜೀನಿಯಾಕ್ಕೆ ಬರುವಂತಿಲ್ಲ, ಹೆಂಡತಿಯ ಬಲವಂತಕ್ಕೆ ಮುದುಕ ಬಂದಿದ್ದಾನೆ. ಡಾಕ್ಟರ ಮನೆಯ ಹೊರಗಿನ ಏಳು ಮೆಟ್ಟಿಲು ಹತ್ತಿ ಕಂಬಿ ಹಿಡಿದು ನಿಲ್ಲುತ್ತಾನೆ. ಡಾಕ್ಟರು ಬಾಗಿಲಲ್ಲೇ ಆ ಉಸಿರು ಕೇಳುತ್ತಾರೆ. ಯಾವ ದಿನ ಜಾಸ್ತಿ ಎಂದು ಕೇಳುತ್ತಾರೆ. ಸೋಮವಾರ ಎನ್ನುತ್ತಾನೆ ಮುದುಕ. ಇಷ್ಟು ವರ್ಷ ಯಾರೂ ಕೇಳದ ಪ್ರಶ್ನೆ. ಅಂಗಿ ಬಿಚ್ಚಬೇಕು, ಕಪ್ಪು ಕೈ ಬೆನ್ನ ಮೇಲೆ ಬರಬೇಕು, ಮುದುಕ ಒಪ್ಪುತ್ತಾನೆಯೇ? ಡಾಕ್ಟರಿಗಾದರೂ ಮನಸ್ಸಿದೆಯೇ? ಇವನ ತಮ್ಮ ಲಾಠಿ ಹಿಡಿದಿದ್ದ ಎಂಬುದು ಅವರಿಗೆ ಗೊತ್ತು. ಈ ದೃಶ್ಯಕ್ಕೆ ಇಪ್ಪತ್ತು ಪುಟ ಕೊಡಿ. ಸ್ಟೆತಸ್ಕೋಪಿನ ತಣ್ಣಗಿನ ಬಿಲ್ಲೆಯನ್ನು ಅಂಗೈಯಲ್ಲಿ ಬಿಸಿ ಮಾಡಿ ಇಡುವುದು ಡಾಕ್ಟರ ಅಭ್ಯಾಸ. ಇವನಿಗೂ ಮಾಡುತ್ತಾರೋ ಇಲ್ಲವೋ ನೀವೇ ತೀರ್ಮಾನಿಸಿ. ರೋಗ ಪತ್ತೆಯಾದ ಕೂಡಲೇ ಇಬ್ಬರೂ ಅಪ್ಪಿಕೊಳ್ಳುವುದಂತೂ ಬೇಡ. ಕಾಯಿಲೆಯ ಹೆಸರು ಕೇಳಿ ಮುದುಕ, ತನ್ನ ಗಿರಣಿಯ ಬಗ್ಗೆ ಅವರು ಆಡಿದ್ದು ತಪ್ಪು ಎಂದು ಸಿಟ್ಟಾಗಬಹುದು. ಆ ಸಿಟ್ಟೇ ಹೆಚ್ಚು ನಿಜ.

ತೀರ್ಪು ಬಂದ ಮೇಲೂ ಬರೆಯಿರಿ

1967ರ ಜೂನ್ 12ಕ್ಕೆ ಕಾದಂಬರಿ ಮುಗಿಸಿದರೆ ನ್ಯಾಯಾಲಯ ಎಲ್ಲ ಸರಿಮಾಡಿತು ಎಂದಾಗುತ್ತದೆ. ಅಲಬಾಮ ತನ್ನ ಸಂವಿಧಾನದಿಂದ ಆ ನಿಷೇಧದ ಸಾಲನ್ನು ಜನಮತಕ್ಕೆ ಹಾಕಿ ತೆಗೆದದ್ದು 2000ದಲ್ಲಿ, ಆಗಲೂ ನೂರಕ್ಕೆ ಸುಮಾರು 40 ಮಂದಿ ಇರಲಿ ಎಂದು ಮತ ಹಾಕಿದರು. ತೀರ್ಪಿನ ನಂತರದ ಒಂದು ಮಾಮೂಲಿ ಭಾನುವಾರ ಬರೆಯಿರಿ. ಈಗ ಮಗ ಸೊಸೆ ಮಗುವಿನೊಂದಿಗೆ ಡ್ಯಾನ್‌ವಿಲ್‌ಗೆ ಹೋಗಬಹುದು. ಕಾರು ಯಾರದು, ದಾರಿಯಲ್ಲಿ ಎಲ್ಲಿ ನಿಲ್ಲಿಸುತ್ತಾರೆ, ಪಕ್ಕದ ಮನೆಯವರು ಪರದೆ ಸರಿಸುತ್ತಾರೆಯೇ, ತಾಯಿ ಮುಂಬಾಗಿಲು ತೆರೆಯುತ್ತಾಳೋ ಹಿಂಬಾಗಿಲೋ. ಸೊಸೆ ಆ ಗಿರಣಿ ಮನೆಯ ಒಡಕು ಬಟ್ಟಲು ನೋಡಿ ಮೂಗು ಮುರಿಯುವುದೂ ಬರಲಿ. ಅವಳು ಸಿರಿವಂತರ ಮಗಳು ಎಂಬುದನ್ನು ಕೊನೆಯವರೆಗೂ ಮರೆಯಬೇಡಿ.

ಕರಡು ಯಾರಿಗೆ ಕೊಡಬೇಕು

ಮೂವರಿಗೆ ಕೊಡಿ. ಅಮೆರಿಕದಲ್ಲಿ ಬೆಳೆದ ಕಪ್ಪು ಜನಾಂಗದ ಓದುಗರೊಬ್ಬರಿಗೆ ಮುಖ್ಯ ಅಧ್ಯಾಯಗಳ ಇಂಗ್ಲಿಷ್ ಅನುವಾದ ಮಾಡಿಸಿ ಕೊಡಿ, ಅವರ ಸಮಯಕ್ಕೆ ಹಣ ಕೊಡಿ. ಹೇಗಿದೆ ಎಂದು ಕೇಳಬೇಡಿ. ಈ ಅಜ್ಜಿ ಹೀಗೆ ಮಾತಾಡುತ್ತಾಳೆಯೇ, ಈ ತಾಯಿ ಹುಡುಗನನ್ನು ಒಳಗೆ ಕರೆಯುತ್ತಾಳೆಯೇ, ಯಾವ ಸಾಲಿನಲ್ಲಿ ಪುಸ್ತಕ ಮುಚ್ಚಬೇಕೆನಿಸಿತು ಎಂದು ಕೇಳಿ. ಎರಡನೆಯವರು ಬಟ್ಟೆ ಗಿರಣಿಯಲ್ಲಿ ದುಡಿದವರು, ಅವರಿಗೆ ಗಿರಣಿಯ ಪುಟಗಳನ್ನು ಓದಿ ಹೇಳಿ, ನಡುವೆ ತಡೆದರೆ ನಿಲ್ಲಿಸಿ ಬರೆದುಕೊಳ್ಳಿ. ಮೂರನೆಯವರು ಅಮೆರಿಕ ನೋಡದ, ಕಾದಂಬರಿ ಪ್ರೀತಿಯಿಂದ ಓದುವ ಕನ್ನಡದ ಓದುಗರು. ಅವರಿಗೆ ಒಂದೇ ಪ್ರಶ್ನೆ: ಇಬ್ಬರು ತಂದೆಯರಲ್ಲಿ ಯಾರ ಮೇಲೆ ಹೆಚ್ಚು ಸಿಟ್ಟು ಬಂತು? ಒಬ್ಬರ ಮೇಲೆ ಮಾತ್ರ ಎಂದರೆ ಇನ್ನೊಬ್ಬರ ಅಧ್ಯಾಯಗಳನ್ನು ಮತ್ತೆ ತೆಗೆದುಕೊಂಡು ಕೂರಿ.